12/3 ಅಂದರೆ ಹೊಲವೋ, ನಾಲ್ಕೋ, ಮಾರ್ಚ್ ತಿಂಗಳೋ?

ಪಹಣಿ ಎದುರಿಗಿಟ್ಟುಕೊಂಡು ವೇರಿಯೇಬಲ್ ಮತ್ತು ಡೇಟಾ ಟೈಪ್ ಕಲಿಯುವ ಬಗೆ

ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಲ್ಲಿ ಯಾರಾದರೂ 12/3 ಎಂದರೆ ಕೇಳಿದವರ ಮನಸ್ಸಿಗೆ ಬರುವುದು ಒಂದು ಹೊಲ: ಸರ್ವೆ ನಂಬರ್ ಹನ್ನೆರಡು, ಹಿಸ್ಸಾ ಮೂರು. ಅದನ್ನೇ ಎಕ್ಸೆಲ್ ಹಾಳೆಯಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಮಾರ್ಚ್ 12 ಎಂಬ ತಾರೀಕಾಗಿ ಕೂರುತ್ತದೆ. ಕೆಲವು ಕಂಪ್ಯೂಟರ್‌ಗಳಲ್ಲಿ ಸೆಟ್ಟಿಂಗ್ ಬೇರೆ ಇದ್ದರೆ ಡಿಸೆಂಬರ್ 3. ಪೈಥಾನ್‌ಗೆ ಕೊಟ್ಟರೆ ಹನ್ನೆರಡನ್ನು ಮೂರರಿಂದ ಭಾಗಿಸಿ 4.0 ಎನ್ನುತ್ತದೆ. ಟೈಪ್ ಮಾಡಿದ್ದು ಒಂದೇ, ಸಿಕ್ಕ ಉತ್ತರ ಮೂರು. ಇಲ್ಲಿ ಯಾವ ಯಂತ್ರವೂ ಕೆಟ್ಟಿಲ್ಲ. ಕೊಟ್ಟ ಮಾಹಿತಿ ಯಾವ ಬಗೆಯದು ಎಂದು ನಾವು ಹೇಳಲಿಲ್ಲ, ಹಾಗಾಗಿ ಅದೇ ಊಹಿಸಿಕೊಂಡಿತು.

ಪ್ರೋಗ್ರಾಮಿಂಗ್ ಪುಸ್ತಕಗಳ ಮೊದಲ ಅಧ್ಯಾಯದಲ್ಲೇ ವೇರಿಯೇಬಲ್, ಡೇಟಾ ಟೈಪ್ ಎಂಬ ಎರಡು ವಿಷಯ ಬರುತ್ತವೆ. ವಿದ್ಯಾರ್ಥಿಗಳು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಆದರೆ ದಿನನಿತ್ಯದ ಲೆಕ್ಕಪತ್ರದಲ್ಲಿ ಆಗುವ ಎಡವಟ್ಟುಗಳಲ್ಲಿ ಎಷ್ಟೋ ಇದೇ ಮೊದಲ ಅಧ್ಯಾಯದವು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ಕಾಲೇಜುಗಳಲ್ಲಿ ಬಿಸಿಎ ಸೇರಿದವರಿಗೂ, ಗ್ರಾಮ ಪಂಚಾಯಿತಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಕಂಪ್ಯೂಟರ್ ಮುಂದೆ ಕೂರುವವರಿಗೂ ಇದು ಒಂದೇ ಪಾಠ. ಕಲಿಯಲು ಬೇಕಾದ ಸಾಮಗ್ರಿ ಮನೆಯಲ್ಲೇ ಇದೆ: ಒಂದು ಪಹಣಿ, ಒಂದು ಮೊಬೈಲ್.

ಪಹಣಿಯೇ ಏಕೆ?

ಕರ್ನಾಟಕ ಸರ್ಕಾರ 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ಕೈಬರಹದ ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿತು. ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳು. ಶಾನುಭೋಗರ, ಗ್ರಾಮಲೆಕ್ಕಿಗರ ಕೈಬರಹವನ್ನು ಕಂಪ್ಯೂಟರ್‌ನ ಖಾನೆಗಳಿಗೆ ಇಳಿಸುವಾಗ ಪ್ರತಿ ಖಾನೆಗೂ ಒಂದು ತೀರ್ಮಾನ ಬೇಕಾಗುತ್ತದೆ. ಇಲ್ಲಿ ಬರುವುದು ಹೆಸರೋ, ಎಣಿಕೆಯೋ, ಅಳತೆಯೋ, ತಾರೀಕೋ?

ಪಹಣಿಯನ್ನೊಮ್ಮೆ ನೋಡಿ. ಸರ್ವೆ ನಂಬರ್ ಇದೆ, ಹಿಸ್ಸಾ ಇದೆ, ಎಕರೆ-ಗುಂಟೆಯಲ್ಲಿ ವಿಸ್ತೀರ್ಣ ಇದೆ, ಕಂದಾಯ ಇದೆ. 9ನೇ ಕಲಂನಲ್ಲಿ ಹೊಲದವರ ಹೆಸರು, 11ರಲ್ಲಿ ಸಾಲದ ವಿವರ, 12ರಲ್ಲಿ ಬೆಳೆ. ಪುಸ್ತಕದಲ್ಲಿರುವ ಮೂಲ ಡೇಟಾ ಟೈಪ್‌ಗಳಿಗೆಲ್ಲ ಈ ಒಂದು ಹಾಳೆಯಲ್ಲೇ ಉದಾಹರಣೆ ಸಿಗುತ್ತದೆ. ಜೊತೆಗೆ ಪುಸ್ತಕ ಹೇಳದ ತೊಡಕುಗಳೂ ಸಿಗುತ್ತವೆ.

ಎಲ್ಲಿ ಬರೆಯುವುದು?

ಕಂಪ್ಯೂಟರ್ ಇದ್ದರೆ ಪೈಥಾನ್ ಉಚಿತವಾಗಿ ಹಾಕಿಕೊಳ್ಳಬಹುದು. ಅದರ ಜೊತೆಗೇ ಐಡಲ್ ಎಂಬ ಕಿಟಕಿ ಬರುತ್ತದೆ. ಆಂಡ್ರಾಯ್ಡ್ ಮೊಬೈಲ್ ಮಾತ್ರ ಇದ್ದರೆ ಪೈಡ್ರಾಯ್ಡ್ 3 ಎಂಬ ಆ್ಯಪ್ ಇದೆ, ನೆಟ್‌ವರ್ಕ್ ಇಲ್ಲದಾಗಲೂ ಓಡುತ್ತದೆ. ಬ್ರೌಸರ್‌ನಲ್ಲೇ ಮಾಡುತ್ತೇನೆ ಎಂದರೆ ಗೂಗಲ್ ಕೋಲ್ಯಾಬ್. ಈ ಲೇಖನದ ಉದಾಹರಣೆಗಳನ್ನು ಸಾಲು ಸಾಲಾಗಿ ಹಾಕಿ ನೋಡುವುದೇ ಒಳ್ಳೆಯದು. ಐಡಲ್‌ನಲ್ಲಿ >>> ಎಂಬ ಗುರುತಿನ ಮುಂದೆ ಬರೆದು ಎಂಟರ್ ಒತ್ತಿದರೆ ಉತ್ತರ ಅಲ್ಲೇ ಕೆಳಗೆ ಬರುತ್ತದೆ.

ಇನ್ನೊಂದು ಅನುಕೂಲ: 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ವೇರಿಯೇಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಕೆಳಗಿನ ಸಾಲುಗಳು ತೋರಿಕೆಯ ಮಾದರಿಗಳಲ್ಲ, ಹೀಗೇ ಟೈಪ್ ಮಾಡಿದರೆ ನಿಜಕ್ಕೂ ನಡೆಯುತ್ತವೆ. ನೌಕರಿಗೆ ಹೋದ ಮೇಲೆ ಹತ್ತಾರು ಜನ ಸೇರಿ ಬರೆಯುವಾಗ ಇಂಗ್ಲಿಷ್ ಹೆಸರೇ ರೂಢಿ. ಕಲಿಯುವ ಕಾಲಕ್ಕೆ ಮಾತ್ರ ಕನ್ನಡದ ಹೆಸರು ದೊಡ್ಡ ಆಸರೆ.

ವೇರಿಯೇಬಲ್: ಬೆಲೆಗೆ ಕೊಟ್ಟ ಹೆಸರು

ಹೀಗೆ ಬರೆಯಿರಿ:

ಎಕರೆ = 2
ಗುಂಟೆ = 30

ಇಲ್ಲಿರುವ = ಗುರುತು ಗಣಿತದ 'ಸಮ' ಅಲ್ಲ. 'ಬಲಗಡೆ ಇರುವುದಕ್ಕೆ ಎಡಗಡೆಯ ಹೆಸರು ಕೊಡು' ಎಂಬ ಅಪ್ಪಣೆ. ತೊಗರಿ ರಾಶಿಯಾದ ಮೇಲೆ ಚೀಲಕ್ಕೆ ಕಟ್ಟುವ ಚೀಟಿಯಂತೆ ಈ ಹೆಸರು. ಚೀಟಿ ಬಿಚ್ಚಿ ಬೇರೆ ಚೀಲಕ್ಕೆ ಕಟ್ಟಬಹುದು, ಒಂದೇ ಚೀಲಕ್ಕೆ ಎರಡು ಚೀಟಿಯನ್ನೂ ಕಟ್ಟಬಹುದು. ಮುಂದಿನ ಸಾಲಿನಲ್ಲಿ

ಗುಂಟೆ = 35

ಎಂದು ಬರೆದರೆ ಹಳೆಯ 30 ತಿದ್ದಿಹೋಗುವುದಿಲ್ಲ. 'ಗುಂಟೆ' ಎಂಬ ಹೆಸರು 30ನ್ನು ಬಿಟ್ಟು 35ಕ್ಕೆ ಹೋಗುತ್ತದೆ. ಇನ್ನು

ಗುಂಟೆ = ಗುಂಟೆ + 1

ಎಂಬ ಸಾಲು ಗಣಿತದ ಮೇಷ್ಟರ ಕಣ್ಣಿಗೆ ಅಸಂಬದ್ಧ. ಕಂಪ್ಯೂಟರ್‌ಗೆ ಸರಳ: ಮೊದಲು ಬಲಗಡೆಯ ಲೆಕ್ಕ ಮುಗಿಸಿ 36 ಪಡೆ, ಆಮೇಲೆ ಅದಕ್ಕೆ 'ಗುಂಟೆ' ಎಂಬ ಹೆಸರು ಕೊಡು.

ಹೆಸರಿಡಲು ನಿಯಮ ಕೆಲವೇ ಇವೆ. ಅಂಕಿಯಿಂದ ಶುರುವಾಗಬಾರದು: ಹೊಲ1 ನಡೆಯುತ್ತದೆ, 1ಹೊಲ ನಡೆಯುವುದಿಲ್ಲ. ನಡುವೆ ಜಾಗ ಬಿಡುವಂತಿಲ್ಲ. ಮೊದಲ_ಹೊಲ ಎಂದು ಕೆಳಗೆರೆ ಹಾಕಿ ಜೋಡಿಸಬೇಕು. ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಎದುರಾಗುವ ತೊಡಕೂ ಒಂದಿದೆ. 'ಸಾಫ್ಟ್‌ವೇರ್' ಎಂದು ಬರೆಯುವಾಗ ಒತ್ತಕ್ಷರವಾಗದಿರಲೆಂದು ಕೀಲಿಮಣೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿಸುತ್ತದೆ. ಹೆಸರಿನಲ್ಲಿ ಆ ಗುರುತು ಸಿಕ್ಕಿದರೆ ಪೈಥಾನ್ ಒಪ್ಪದೆ ತಪ್ಪು ತೋರಿಸುತ್ತದೆ. ಅಕ್ಷರಗಳೆಲ್ಲ ಸರಿಯಾಗೇ ಇರುವುದರಿಂದ ತಪ್ಪೆಲ್ಲಿದೆ ಎಂಬುದೇ ಹೊಳೆಯುವುದಿಲ್ಲ. ತೂಕ, ಬೆಲೆ, ಊರು, ಹಿಸ್ಸಾ ಇಂಥ ಹೆಸರುಗಳನ್ನು ಆರಿಸಿಕೊಂಡರೆ ಈ ಗೋಜಿಲ್ಲ.

ಹೆಸರು ಚಿಕ್ಕದಿದ್ದಷ್ಟೂ ಒಳ್ಳೆಯದು ಎಂದುಕೊಂಡು ಎ, ಬಿ, ಸಿ ಎಂದೆಲ್ಲ ಇಡಬೇಡಿ. ತಿಂಗಳು ಬಿಟ್ಟು ನೋಡಿದಾಗ ನಿಮಗೇ ಅರ್ಥವಾಗುವಂತಿರಲಿ. 'ತೂಕ' ಎನ್ನುವುದಕ್ಕಿಂತ 'ತೂಕ_ಕಿಲೊ' ಮೇಲು, ಏಕೆಂದರೆ ಕ್ವಿಂಟಲ್ಲೋ ಕಿಲೊವೋ ಎಂಬ ಅನುಮಾನವೇ ಉಳಿಯುವುದಿಲ್ಲ.

ನಾಲ್ಕು ಮೂಲ ಬಗೆಗಳು

ಶುರುವಿಗೆ ನಾಲ್ಕು ಬಗೆ ಗೊತ್ತಿದ್ದರೆ ಸಾಕು.

ಇಂಟಿಜರ್: ಪೂರ್ಣ ಸಂಖ್ಯೆ. ಚೀಲಗಳ ಎಣಿಕೆ, ಗುಂಟೆ, ಇಸವಿ. ಪೈಥಾನ್ ಇದನ್ನು 'ಇಂಟ್' ಎನ್ನುತ್ತದೆ.

ಫ್ಲೋಟ್: ಚುಕ್ಕೆ ಇರುವ ಸಂಖ್ಯೆ. ಮಳೆಯ ಮಿಲಿಮೀಟರ್, ಉಷ್ಣಾಂಶ, ಕಾಳಿನ ತೇವಾಂಶ.

ಸ್ಟ್ರಿಂಗ್: ಅಕ್ಷರಗಳ ಸಾಲು. ಹೆಸರು, ಊರು, ವಿಳಾಸ. ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಬೇಕು: ಊರು = "ಚಿಮ್ಮನಚೋಡ"

ಬೂಲಿಯನ್: ಹೌದು ಅಥವಾ ಇಲ್ಲ, ಎರಡೇ ಉತ್ತರ. ಪೈಥಾನ್‌ನಲ್ಲಿ 'ಟ್ರೂ', 'ಫಾಲ್ಸ್'.

ಬಗೆ ಏಕೆ ಮುಖ್ಯ? ಒಂದೇ ಗುರುತು ಬೇರೆ ಬೇರೆ ಬಗೆಯ ಮೇಲೆ ಬೇರೆ ಬೇರೆ ಕೆಲಸ ಮಾಡುತ್ತದೆ. 12 + 3 ಎಂದರೆ 15. "12" + "3" ಎಂದರೆ "123". ಮೊದಲನೆಯದು ಕೂಡುವುದು, ಎರಡನೆಯದು ಅಂಟಿಸುವುದು. ಸರ್ವೆ ನಂಬರ್ ಹನ್ನೆರಡಕ್ಕೆ ಹಿಸ್ಸಾ ಮೂರನ್ನು ಹೀಗೆ ಅಂಟಿಸಿದರೆ ಸರ್ವೆ ನಂಬರ್ 123 ಎಂಬ ಬೇರೆಯವರ ಹೊಲಕ್ಕೆ ಹೋಗಿ ನಿಲ್ಲುತ್ತೀರಿ. "12" + "/" + "3" ಎಂದರೆ ಸರಿಯಾದ ವಿಳಾಸ ಸಿಗುತ್ತದೆ.

"12" + 3 ಎಂದು ಬೆರೆಸಿದರೆ? ಪೈಥಾನ್ ಟೈಪ್ ಎರರ್ ಎಂದು ಅಲ್ಲೇ ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್ ನಿಲ್ಲುವುದಿಲ್ಲ, ಸುಮ್ಮನೆ "123" ಕೊಡುತ್ತದೆ. ಕಲಿಯುವವರಿಗೆ ಪೈಥಾನ್‌ನ ಈ ಹಟ ಮೊದಮೊದಲು ಕಿರಿಕಿರಿ ಎನಿಸುತ್ತದೆ. ತಪ್ಪು ಉತ್ತರ ಕೊಟ್ಟು ಮುಂದೆ ಹೋಗುವುದಕ್ಕಿಂತ ಅಲ್ಲೇ ನಿಲ್ಲುವುದು ಮೇಲು.

ಅಂಕಿಯಲ್ಲಿದ್ದ ಮಾತ್ರಕ್ಕೆ ಸಂಖ್ಯೆಯಲ್ಲ

ಈ ಲೇಖನದಿಂದ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಬಗೆಯನ್ನು ಹೇಳುವುದು ಮಾಹಿತಿ ಹೇಗೆ ಕಾಣುತ್ತದೆ ಎಂಬುದಲ್ಲ, ಅದರಿಂದ ನೀವೇನು ಮಾಡುತ್ತೀರಿ ಎಂಬುದು.

ಇಬ್ಬರ ಆಧಾರ್ ಸಂಖ್ಯೆ ಕೂಡಿಸುತ್ತೀರಾ? ಮೊಬೈಲ್ ನಂಬರ್‌ನ ಸರಾಸರಿ ತೆಗೆಯುತ್ತೀರಾ? ಪಿನ್‌ಕೋಡ್ ಅನ್ನು ಎರಡರಿಂದ ಗುಣಿಸುತ್ತೀರಾ? ಇಲ್ಲ. ಹಾಗಾದರೆ ಅವು ಸಂಖ್ಯೆಗಳಲ್ಲ, ಅಂಕಿಗಳಲ್ಲಿ ಬರೆದ ಹೆಸರುಗಳು. ಅವುಗಳ ಜಾಗ ಸ್ಟ್ರಿಂಗ್.

ಹೀಗೆ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ಎಕ್ಸೆಲ್‌ನಲ್ಲಿ ಕೆಲಸ ಮಾಡಿದವರೆಲ್ಲ ಕಂಡಿದ್ದಾರೆ. 12 ಅಂಕಿಯ ಆಧಾರ್ ಸಂಖ್ಯೆಯನ್ನು ಹಾಗೇ ಟೈಪ್ ಮಾಡಿದರೆ 1.23ರ ಮುಂದೆ ಇ ಪ್ಲಸ್ 11 ಎಂಬ ರೂಪಕ್ಕೆ ತಿರುಗುತ್ತದೆ. ಅದು ಬರೀ ತೋರಿಕೆ, ಒಳಗಿನ ಅಂಕಿ ಉಳಿದಿರುತ್ತದೆ. ಬ್ಯಾಂಕ್ ಖಾತೆಯ ಸಂಖ್ಯೆ 15 ಅಂಕಿ ದಾಟಿದರೆ ಮಾತ್ರ ನಿಜವಾದ ನಷ್ಟ: ಹದಿನಾರನೆಯ ಅಂಕಿಯಿಂದ ಮುಂದಿನದೆಲ್ಲ ಸೊನ್ನೆಯಾಗುತ್ತದೆ, ಮತ್ತೆ ಸಿಗುವುದಿಲ್ಲ. ಖಾತೆ ಸಂಖ್ಯೆಯ ಎಡಗಡೆ ಸೊನ್ನೆಗಳಿದ್ದರೆ ಅವೂ ಹೋಗುತ್ತವೆ. ಪೈಥಾನ್‌ನಲ್ಲಿ ಖಾತೆ = 0123 ಎಂದು ಬರೆದರೆ ಎಡಗಡೆಯ ಸೊನ್ನೆ ಸಲ್ಲದು ಎಂದು ಅದು ಆ ಸಾಲನ್ನೇ ತಿರಸ್ಕರಿಸುತ್ತದೆ. ಖಾತೆ = "0123" ಎಂದು ಬರೆಯಿರಿ, ಸೊನ್ನೆ ಸಹಿತ ಉಳಿಯುತ್ತದೆ. ಎಕ್ಸೆಲ್‌ನಲ್ಲಿಯೂ ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು 'ಟೆಕ್ಸ್ಟ್' ಎಂದು ಬದಲಿಸಬೇಕು. ಟೈಪ್ ಮಾಡಿ ಆದ ಮೇಲೆ ಬದಲಿಸಿದರೆ ಹೋದ ಅಂಕಿ ಬರುವುದಿಲ್ಲ.

ಇದು ಹಳ್ಳಿಯ ಆಪರೇಟರ್‌ಗಳ ತೊಂದರೆ ಮಾತ್ರ ಅಲ್ಲ. ಮನುಷ್ಯರ ಜೀನ್‌ಗಳಿಗೆ ವಿಜ್ಞಾನಿಗಳು ಕೊಟ್ಟ ಗುರುತಿನ ಹೆಸರುಗಳಲ್ಲಿ 'ಮಾರ್ಚ್ 1', 'ಸೆಪ್ಟ್ 1' ಎಂಬಂಥವು ಇದ್ದವು. ಎಕ್ಸೆಲ್ ಅವನ್ನೂ ತಾರೀಕು ಮಾಡುತ್ತಿತ್ತು, ಸಂಶೋಧನಾ ಪ್ರಬಂಧಗಳ ಪಟ್ಟಿಗಳೇ ಕೆಡುತ್ತಿದ್ದವು. ಕಡೆಗೆ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಸೋತು, ಅಂಥ ಹೆಸರುಗಳನ್ನು ಬದಲಿಸಿ 2020ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು.

ಸ್ಟ್ರಿಂಗ್ ಮಾಡಿದ ಮೇಲೆ ಎದುರಾಗುವ ಇನ್ನೊಂದು ವಿಷಯ: ಅದನ್ನು ಜೋಡಿಸುವ ಕ್ರಮ ನಿಘಂಟಿನದು. "100" < "12" ಎಂದು ಕೇಳಿ ನೋಡಿ, 'ಟ್ರೂ' ಎನ್ನುತ್ತದೆ. ಎರಡನೆಯ ಅಕ್ಷರ ಸೊನ್ನೆ, ಅದು ಎರಡಕ್ಕಿಂತ ಮೊದಲು ಬರುತ್ತದೆ, ಅಷ್ಟೇ ಅದರ ತರ್ಕ. ಸರ್ವೆ ನಂಬರ್‌ಗಳನ್ನು ಸ್ಟ್ರಿಂಗ್ ಆಗಿ ಇಟ್ಟು ಜೋಡಿಸಿದರೆ 1, 10, 100, 11, 12, 2 ಎಂಬ ಸಾಲು ಬರುತ್ತದೆ. ಪಹಣಿ ಹುಡುಕಲು 'ಭೂಮಿ' ತಾಣಕ್ಕೆ ಹೋದವರಿಗೆ ನೆನಪಿರಬಹುದು, ಅಲ್ಲಿ ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಎಂದು ಮೂರು ಖಾನೆ ಬೇರೆ ಬೇರೆ ಇವೆ. ನೀವೂ ಹಾಗೇ ಒಡೆಯಿರಿ: ಸರ್ವೆ = 12 ಎಂದು ಪೂರ್ಣ ಸಂಖ್ಯೆಯಾಗಿ, ಹಿಸ್ಸಾ = "3" ಎಂದು ಸ್ಟ್ರಿಂಗ್ ಆಗಿ. ಹಿಸ್ಸಾದಲ್ಲಿ ನಾಳೆ "3ಅ" ಎಂದು ಅಕ್ಷರ ಸೇರಿದರೂ ಅಡ್ಡಿಯಿಲ್ಲ. ಎರಡನ್ನೂ ಒಂದೇ ಖಾನೆಯಲ್ಲಿ ತುರುಕಿದರೆ ಜೋಡಣೆಯೂ ಕೆಡುತ್ತದೆ, ಹುಡುಕಾಟವೂ ಕೆಡುತ್ತದೆ.

ಎರಡು ಎಕರೆ ಮೂವತ್ತು ಗುಂಟೆ

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ನಮ್ಮ ಕಡೆ ಎರಡು ಎಕರೆ ಮೂವತ್ತು ಗುಂಟೆಯನ್ನು 2-30 ಎಂದೋ 2.30 ಎಂದೋ ಬರೆಯುತ್ತಾರೆ. 2-30 ಎಂದು ಪೈಥಾನ್‌ಗೆ ಕೊಟ್ಟರೆ ಕಳೆದು -28 ಎನ್ನುತ್ತದೆ. ಈ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಭಯವಿಲ್ಲ. 2.30 ಎಂದು ಕೊಟ್ಟಾಗ ಮಾತ್ರ ತಪ್ಪು ಅಡಗಿ ಕೂರುತ್ತದೆ.

ಒಂದು ಎಕರೆಗೆ 40 ಗುಂಟೆ, ನೂರಲ್ಲ. ಎರಡು ಎಕರೆ ಮೂವತ್ತು ಗುಂಟೆ ಎಂದರೆ ದಶಮಾಂಶದಲ್ಲಿ 2.75 ಎಕರೆ. ಈಗ ಅಣ್ಣತಮ್ಮಂದಿರ ಎರಡು ಹೊಲ ಕೂಡಿಸಬೇಕು ಎನ್ನಿ. ಒಂದು 2 ಎಕರೆ 30 ಗುಂಟೆ, ಇನ್ನೊಂದು 1 ಎಕರೆ 20 ಗುಂಟೆ.

2.30 + 1.20

ಉತ್ತರ 3.5. ನೋಡಲು ಸರಿಯಾಗೇ ಇದೆ. ಆದರೆ ಸರಿಯಾದ ಮೊತ್ತ 4 ಎಕರೆ 10 ಗುಂಟೆ. 3.5 ಎಂಬುದನ್ನು ಯಾರಾದರೂ ಮೂರೂವರೆ ಎಕರೆ ಎಂದು ಓದಿದರೆ 30 ಗುಂಟೆ ಮಂಗಮಾಯ. ಮೂರು ಎಕರೆ ಐದು ಗುಂಟೆ ಎಂದು ಓದಿದರೆ ಒಂದು ಎಕರೆಗಿಂತ ಹೆಚ್ಚು ಹೋಯಿತು.

ಕೂಡಿಸದೇ ಇದ್ದರೂ ತೊಂದರೆ ತಪ್ಪಿದ್ದಲ್ಲ. ಫ್ಲೋಟ್‌ಗೆ ಬಲಗಡೆಯ ಕೊನೆಯ ಸೊನ್ನೆಯ ಗೊಡವೆಯಿಲ್ಲ. 2.30 ಎಂದು ಬರೆದು ಎಂಟರ್ ಒತ್ತಿದರೆ 2.3 ಎಂದು ತೋರಿಸುತ್ತದೆ. ಅದು 30 ಗುಂಟೆಯೋ, ಯಾರೋ ಆತುರದಲ್ಲಿ ಬರೆದ 3 ಗುಂಟೆಯೋ ಎಂದು ಆಮೇಲೆ ಹೇಳುವುದು ಹೇಗೆ?

ಪರಿಹಾರ ಸುಲಭ. ಎಕರೆ ಒಂದು ಪೂರ್ಣ ಸಂಖ್ಯೆ, ಗುಂಟೆ ಇನ್ನೊಂದು ಪೂರ್ಣ ಸಂಖ್ಯೆ. ಲೆಕ್ಕಕ್ಕೆ ಮೊದಲು ಎಲ್ಲವನ್ನೂ ಗುಂಟೆಗೆ ಇಳಿಸಿ:

ಹೊಲ1 = 2 * 40 + 30
ಹೊಲ2 = 1 * 40 + 20
ಒಟ್ಟು = ಹೊಲ1 + ಹೊಲ2

ಒಟ್ಟು ಎಂದು ಟೈಪ್ ಮಾಡಿದರೆ 170 ಬರುತ್ತದೆ. ತಿರುಗಿ ಎಕರೆ ಮಾಡಲು:

ಒಟ್ಟು // 40
ಒಟ್ಟು % 40

ಮೊದಲನೆಯದು 4, ಎರಡನೆಯದು 10. ಇಲ್ಲಿ // ಎಂಬ ಜೋಡಿಗೆರೆ ಭಾಗಲಬ್ಧದ ಪೂರ್ಣ ಭಾಗವನ್ನು ಕೊಡುತ್ತದೆ, % ಎಂಬುದು ಶೇಷವನ್ನು ಕೊಡುತ್ತದೆ. ಒಂಟಿಗೆರೆ / ಬಳಸಿದರೆ 4.25 ಬರುತ್ತದೆ, ಅದು ದಶಮಾಂಶದ ಎಕರೆ. ಆಣೆಯ ಲೆಕ್ಕವೂ ಬೇಕಾದವರು ಎಲ್ಲವನ್ನೂ ಆಣೆಗೆ ಇಳಿಸಲಿ. ಒಂದು ಗುಂಟೆಗೆ 16 ಆಣೆ. ಸೂತ್ರ ಒಂದೇ: ಅತಿ ಚಿಕ್ಕ ಅಳತೆಯಲ್ಲಿ ಪೂರ್ಣ ಸಂಖ್ಯೆಯಾಗಿ ಇಟ್ಟುಕೊಳ್ಳಿ, ತೋರಿಸುವಾಗ ಮಾತ್ರ ದೊಡ್ಡದಕ್ಕೆ ಏರಿಸಿ. ಗಂಟೆ-ನಿಮಿಷಕ್ಕೂ ಇದೇ ಸೂತ್ರ. 2.30 ಗಂಟೆ ಎಂಬುದು ಎರಡೂವರೆ ಗಂಟೆಯಾದರೆ ಅದು ಫ್ಲೋಟ್ ಅಲ್ಲ.

ತೊಗರಿಯ ದುಡ್ಡು ಪೈಸೆಯಲ್ಲಿ

ದುಡ್ಡಿಗೆ ಚುಕ್ಕೆ ಇರುತ್ತದೆ, ಆದ್ದರಿಂದ ಫ್ಲೋಟ್ ಎನ್ನುವುದು ಸಹಜವಾಗಿ ಹೊಳೆಯುವ ಉತ್ತರ. ಪೈಥಾನ್‌ನಲ್ಲಿ 0.1 + 0.2 ಎಂದು ಕೇಳಿ ನೋಡಿ:

0.30000000000000004

ಇದು ಪೈಥಾನ್‌ನ ದೋಷವಲ್ಲ. ಹತ್ತರ ಪದ್ಧತಿಯಲ್ಲಿ ಮೂರನೇ ಒಂದು ಭಾಗವನ್ನು 0.3333 ಎಂದು ಬರೆಯುತ್ತ ಹೋದರೂ ಮುಗಿಯುವುದಿಲ್ಲ. ಎರಡರ ಪದ್ಧತಿಯಲ್ಲಿ ಎಣಿಸುವ ಕಂಪ್ಯೂಟರ್‌ಗೆ ಹತ್ತನೇ ಒಂದು ಭಾಗ ಹಾಗೇ ಮುಗಿಯದ ಸಂಖ್ಯೆ. ಎಲ್ಲೋ ಒಂದು ಕಡೆ ಕತ್ತರಿಸಿ ಇಟ್ಟುಕೊಳ್ಳುತ್ತದೆ. ಸಿ, ಜಾವಾ, ಜಾವಾಸ್ಕ್ರಿಪ್ಟ್ ಎಲ್ಲದರ ಒಳಗೂ ಇದೇ ಕಥೆ. ಮಳೆಯ ಅಳತೆಗೆ ಇದರಿಂದ ಏನೂ ಆಗುವುದಿಲ್ಲ. ಸಾವಿರಾರು ರೈತರ ಖಾತೆಗೆ ಹಣ ಹಾಕುವಾಗ ಜಮಾ-ಖರ್ಚು ತಾಳೆಯಾಗದೆ ಕೂರುತ್ತದೆ.

2024-25ರ ಸಾಲಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7550 ರೂಪಾಯಿ ಇತ್ತು. 12 ಕ್ವಿಂಟಲ್ 35 ಕಿಲೊ ತೊಗರಿಗೆ ಎಷ್ಟು ಬರಬೇಕು? ಇಲ್ಲೊಂದು ಸೊಗಸಾದ ಅನುಕೂಲ ಇದೆ. ಕ್ವಿಂಟಲ್‌ಗೆ 100 ಕಿಲೊ, ರೂಪಾಯಿಗೆ 100 ಪೈಸೆ. ಹಾಗಾಗಿ ಕ್ವಿಂಟಲ್‌ಗೆ ಇಷ್ಟು ರೂಪಾಯಿ ಎಂದರೆ ಕಿಲೊಗೆ ಅಷ್ಟೇ ಪೈಸೆ.

ತೂಕ_ಕಿಲೊ = 1235
ದರ_ಪೈಸೆ = 7550
ಮೊತ್ತ = ತೂಕ_ಕಿಲೊ * ದರ_ಪೈಸೆ

ಮೊತ್ತ 9324250 ಪೈಸೆ. ಮೊತ್ತ // 100 ಎಂದರೆ 93242 ರೂಪಾಯಿ, ಮೊತ್ತ % 100 ಎಂದರೆ 50 ಪೈಸೆ. ಚುಕ್ಕೆ ಎಲ್ಲೂ ಬರಲಿಲ್ಲ, ಒಂದು ಪೈಸೆಯೂ ಸೋರಲಿಲ್ಲ. ಬಡ್ಡಿಯಂಥ ಲೆಕ್ಕಕ್ಕೆ ಪೈಥಾನ್‌ನಲ್ಲಿ 'ಡೆಸಿಮಲ್' ಎಂಬ ಪ್ರತ್ಯೇಕ ಬಗೆ ಇದೆ. ಅದು ಮುಂದಿನ ಪಾಠ.

ಚಿಮ್ಮನಚೋಡದಲ್ಲಿ ಎಷ್ಟು ಅಕ್ಷರ?

ಕಣ್ಣಿಗೆ ಕಾಣುವುದು ಐದು: ಚಿ, ಮ್ಮ, ನ, ಚೋ, ಡ. ಸ್ಟ್ರಿಂಗ್‌ನ ಉದ್ದ ಹೇಳುವ 'ಲೆನ್' ಎಂಬ ಸೌಲಭ್ಯಕ್ಕೆ ಈ ಹೆಸರು ಕೊಟ್ಟರೆ 9 ಎನ್ನುತ್ತದೆ. ಯೂನಿಕೋಡ್‌ನಲ್ಲಿ ಚ ಒಂದು, ಗುಡಿಸು ಒಂದು, ಮ ಒಂದು, ಅರ್ಧಾಕ್ಷರದ ಗುರುತು ಒಂದು, ಇನ್ನೊಂದು ಮ, ಹೀಗೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಕನ್ನಡಕ್ಕೆ ಯೂನಿಕೋಡ್ 128 ಸ್ಥಾನ ಮೀಸಲಿಟ್ಟಿದೆ, ಅದರಲ್ಲಿ 'ಕ'ದ ಸಂಖ್ಯೆ 3221, 'ಚ'ದ್ದು 3226. ಕಡತದಲ್ಲಿ ಉಳಿಸುವಾಗ ರೂಢಿಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ 3 ಬೈಟ್. ಅಂದರೆ ಈ ಊರಿನ ಹೆಸರಿಗೆ 27 ಬೈಟ್.

ಇದು ಬರೀ ಕುತೂಹಲದ ಸಂಗತಿಯಲ್ಲ. ಅರ್ಜಿಯ ಫಾರಂನಲ್ಲಿ 'ಹೆಸರು 20 ಅಕ್ಷರ ಮೀರಬಾರದು' ಎಂದು ಇಂಗ್ಲಿಷ್ ಹೆಸರುಗಳ ಅಂದಾಜಿನಲ್ಲಿ ಮಿತಿ ಹಾಕಿದರೆ ಕನ್ನಡದ ಹೆಸರು ನಡುವೆಯೇ ತುಂಡಾಗುತ್ತದೆ, ಕೆಲವೊಮ್ಮೆ ಒತ್ತಕ್ಷರದ ಮಧ್ಯದಲ್ಲೇ. ಕನ್ನಡದ ಹೆಸರಿಗೆ ಜಾಗ ಧಾರಾಳವಾಗಿ ಬಿಡಿ. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತ ಸಿಕ್ಕರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಅದು ಕನ್ನಡದಂತೆ ಕಾಣುತ್ತದೆಯೇ ಹೊರತು ಕಂಪ್ಯೂಟರ್‌ನ ಒಳಗೆ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳ ಸಾಲು.

ಬರೆದುಕೊಟ್ಟದ್ದನ್ನು ಸಂಖ್ಯೆ ಮಾಡುವುದು

ಬಳಸುವವರು ಕೀಲಿಮಣೆಯಿಂದ ಟೈಪ್ ಮಾಡಿದ್ದೆಲ್ಲ ಪೈಥಾನ್‌ಗೆ ಸ್ಟ್ರಿಂಗ್ ಆಗಿಯೇ ತಲುಪುತ್ತದೆ. 'ಎಷ್ಟು ಚೀಲ?' ಎಂದು ಕೇಳಿ 25 ಎಂಬ ಉತ್ತರ ಪಡೆದರೂ ಅದು "25". ಲೆಕ್ಕಕ್ಕೆ ಬಳಸುವ ಮೊದಲು 'ಇಂಟ್' ಎಂಬ ಸೌಲಭ್ಯದಿಂದ ಪೂರ್ಣ ಸಂಖ್ಯೆ ಮಾಡಿಕೊಳ್ಳಬೇಕು. (ಇಂಟ್, ಲೆನ್ ಮೊದಲಾದ ಪೈಥಾನ್‌ನ ಸ್ವಂತ ಹೆಸರುಗಳನ್ನು ಮಾತ್ರ ಇಂಗ್ಲಿಷ್‌ನ ಸಣ್ಣಕ್ಷರದಲ್ಲಿ ಟೈಪ್ ಮಾಡಿ.) ಕನ್ನಡದವರಿಗೆ ಇಲ್ಲೊಂದು ಖುಷಿಯ ಸಂಗತಿ: "೨೫" ಎಂದು ಕನ್ನಡ ಅಂಕಿಯಲ್ಲಿ ಬರೆದ ಸ್ಟ್ರಿಂಗ್ ಕೊಟ್ಟರೂ 'ಇಂಟ್' ಅದನ್ನು 25 ಎಂದೇ ಓದುತ್ತದೆ. ಆದರೆ ಪ್ರೋಗ್ರಾಂ ಒಳಗೆ ಉದ್ಧರಣ ಚಿಹ್ನೆ ಇಲ್ಲದೆ ಚೀಲ = ೨೫ ಎಂದು ನೇರವಾಗಿ ಬರೆದರೆ ಒಪ್ಪುವುದಿಲ್ಲ.

"25 ಚೀಲ" ಎಂದು ಯಾರಾದರೂ ಪೂರ್ತಿ ಬರೆದರೆ 'ಇಂಟ್' ಕೈಚೆಲ್ಲುತ್ತದೆ. ಅದಕ್ಕೇ ಫಾರಂನಲ್ಲಿ ಏನನ್ನು ಬರೆಯಬೇಕು ಎಂಬ ಸೂಚನೆ ಸ್ಪಷ್ಟವಾಗಿರಬೇಕು: 'ಚೀಲಗಳ ಸಂಖ್ಯೆ, ಅಂಕಿಯಲ್ಲಿ ಮಾತ್ರ'.

ಹೌದು, ಇಲ್ಲ, ಸೊನ್ನೆ, ಖಾಲಿ

ಗುಂಟೆ < 40 ಎಂದು ಬರೆದರೆ ಉತ್ತರ 'ಟ್ರೂ' ಅಥವಾ 'ಫಾಲ್ಸ್'. ವಿಸ್ತೀರ್ಣ ಸರಿಯಾಗಿ ತುಂಬಿದ್ದಾರೆಯೇ ಎಂದು ಪರೀಕ್ಷಿಸಲು ಈ ಒಂದು ಸಾಲು ಸಾಕು. ಗುಂಟೆಯ ಖಾನೆಯಲ್ಲಿ 55 ಎಂದಿದ್ದರೆ ಅದು ತಪ್ಪೇ ಸರಿ. ಸಮವೇ ಎಂದು ಕೇಳಲು == ಎಂದು ಎರಡು ಗೆರೆಜೋಡಿ ಬೇಕು, ಒಂದೇ ಹಾಕಿದರೆ ಹೆಸರಿಡುವ ಅಪ್ಪಣೆಯಾಗುತ್ತದೆ.

ಎರಡೇ ಉತ್ತರ ಇರುವ ಕಡೆ ಮಾತ್ರ ಬೂಲಿಯನ್ ಬಳಸಿ. ಜಮೀನಿಗೆ ನೀರಾವರಿ ಇದೆಯೇ ಎಂಬುದು ಹೌದು-ಇಲ್ಲ ಎಂದು ತೋರಬಹುದು. ಪಹಣಿಯಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂದು ಮೂರು ಬಗೆ ಇವೆ. ಮೂರನ್ನು ಎರಡಕ್ಕೆ ಒಗ್ಗಿಸಲು ಹೋದರೆ ಒಂದು ಕಳೆದುಹೋಗುತ್ತದೆ. ಅಲ್ಲಿ ಸ್ಟ್ರಿಂಗ್ ಇರಲಿ.

ಸೊನ್ನೆ ಮತ್ತು ಖಾಲಿ ಎರಡೂ ಒಂದೇ ಎಂದುಕೊಳ್ಳುವುದು ಇನ್ನೊಂದು ರೂಢಿಯ ತಪ್ಪು. ಮಳೆಮಾಪಕ ನಾಲ್ಕು ದಿನ ಹೀಗೆ ತೋರಿಸಿತು ಎನ್ನಿ: 12, 0, ದಾಖಲೆ ಇಲ್ಲ, 24 ಮಿಲಿಮೀಟರ್. ದಾಖಲೆ ಇಲ್ಲದ ದಿನಕ್ಕೂ ಸೊನ್ನೆ ಹಾಕಿದರೆ ಸರಾಸರಿ 9. ಆ ದಿನವನ್ನು ಬಿಟ್ಟು ಲೆಕ್ಕ ಹಾಕಿದರೆ 12. ಬೆಳೆವಿಮೆಯಂಥ ಕಡೆ ಈ ಅಂತರಕ್ಕೆ ದುಡ್ಡಿನ ಬೆಲೆ ಇದೆ. 'ಗೊತ್ತಿಲ್ಲ' ಎಂಬುದಕ್ಕೆ ಪೈಥಾನ್‌ನಲ್ಲಿ 'ನನ್' ಎಂಬ ಪ್ರತ್ಯೇಕ ಬೆಲೆಯೇ ಇದೆ. ಅದನ್ನು ಯಾವುದಕ್ಕಾದರೂ ಕೂಡಿಸಲು ಹೋದರೆ ತಡೆಯುತ್ತದೆ, ಅದೇ ಅದರ ಉಪಯೋಗ.

ಒಂದು ದಿನದ ದಾಖಲೆಯೂ ಇಲ್ಲದಿದ್ದರೆ? ಸರಾಸರಿಗೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡ ಮಾನ್ಯಖೇಟವಾಗಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಹಾಗೇ ಉಳಿಯುತ್ತದೆ ಎಂಬುದು ಅವನ ನಿಲುವು. ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ. ಪೈಥಾನ್ ಕೂಡ ಉತ್ತರ ಕೊಡದೆ ತಪ್ಪು ತೋರಿಸಿ ನಿಲ್ಲುತ್ತದೆ. ಭಾಗಿಸುವ ಮೊದಲು ಎಣಿಕೆ ಸೊನ್ನೆಯಲ್ಲ ಎಂದು ನೋಡಿಕೊಳ್ಳುವುದು ಬರೆಯುವವರ ಕೆಲಸ.

ಬೇರೆ ಭಾಷೆಗಳಲ್ಲಿ: ಜಾಗದ ಲೆಕ್ಕ

ಪೈಥಾನ್‌ನಲ್ಲಿ ಬಗೆ ಇರುವುದು ಬೆಲೆಗೆ, ಹೆಸರಿಗಲ್ಲ. ಪೂರ್ಣ ಸಂಖ್ಯೆ ಎಷ್ಟು ದೊಡ್ಡದಾದರೂ ನಡೆಯುತ್ತದೆ. ಸಿ, ಜಾವಾ ಭಾಷೆಗಳಲ್ಲಿ ಹೆಸರಿಡುವಾಗಲೇ ಬಗೆ ಘೋಷಿಸಬೇಕು, ಜಾಗವೂ ಆಗಲೇ ನಿಗದಿಯಾಗುತ್ತದೆ. ಜಾವಾದ 'ಇಂಟ್'ಗೆ 32 ಬಿಟ್, ಅಂದರೆ ಎರಡರ ಪದ್ಧತಿಯ 32 ಅಂಕಿಗಳ ಜಾಗ. ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647. ನಮ್ಮ 10 ಅಂಕಿಯ ಮೊಬೈಲ್ ನಂಬರ್ 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವುದರಿಂದ ಅದರಲ್ಲಿ ಹಿಡಿಸುವುದೇ ಇಲ್ಲ. ಅದನ್ನು ಸ್ಟ್ರಿಂಗ್ ಮಾಡಲು ಇನ್ನೊಂದು ಕಾರಣ ಸಿಕ್ಕಿತು.

ಜಾಗ ಸಾಲದೆ ಹೋದಾಗ ಆದ ಅನಾಹುತಗಳಲ್ಲಿ ಹೆಸರಾದದ್ದು ಯುರೋಪಿನ ಏರಿಯಾನ್ 5 ರಾಕೆಟ್. 1996ರ ಜೂನ್ 4ರಂದು ಮೊದಲ ಹಾರಾಟದಲ್ಲೇ, ಒಂದು ನಿಮಿಷವೂ ಆಗುವ ಮೊದಲು ನಾಶವಾಯಿತು. 64 ಬಿಟ್‌ನ ಫ್ಲೋಟ್ ಒಂದನ್ನು 16 ಬಿಟ್‌ನ ಇಂಟಿಜರ್‌ಗೆ ಬದಲಿಸಲು ಹೋದಾಗ ಬೆಲೆ 32767ರ ಮಿತಿ ಮೀರಿತ್ತು. ಮುಂದೆಯೂ ಒಂದು ದಿನ ಕಾದಿದೆ: 1970ರಿಂದ ಸೆಕೆಂಡು ಎಣಿಸುತ್ತ ಬಂದಿರುವ ಹಳೆಯ 32 ಬಿಟ್ ಗಡಿಯಾರಗಳು 2038ರ ಜನವರಿ 19ರಂದು, ನಮ್ಮ ಕಾಲಮಾನದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತವೆ. ಅಷ್ಟರೊಳಗೆ ಬದಲಿಸದ ಯಂತ್ರಗಳು ತಾರೀಕು ತಪ್ಪುತ್ತವೆ.

ಪ್ರತಿ ಖಾನೆಗೆ ಕೇಳಬೇಕಾದ ಪ್ರಶ್ನೆಗಳು

1. ಇದನ್ನು ಕೂಡಿದರೆ, ಕಳೆದರೆ ಅರ್ಥವಿದೆಯೇ? ಅಥವಾ ಸರ್ವೆ ನಂಬರ್‌ನಂತೆ ಸಂಖ್ಯೆಯ ಕ್ರಮದಲ್ಲಿ ಜೋಡಿಸಬೇಕೇ? ಎರಡೂ ಇಲ್ಲವಾದರೆ ಸ್ಟ್ರಿಂಗ್.

2. ಇದು ಎಣಿಸುವಂಥದೋ ಅಳೆಯುವಂಥದೋ? ಎಣಿಸುವುದಾದರೆ ಇಂಟಿಜರ್, ಅಳೆಯುವುದಾದರೆ ಫ್ಲೋಟ್.

3. ಇದಕ್ಕೆ ಚಿಕ್ಕ ಅಳತೆ ಇದೆಯೇ? ಗುಂಟೆ, ಪೈಸೆ, ನಿಮಿಷ ಇದ್ದರೆ ಆ ಚಿಕ್ಕ ಅಳತೆಯಲ್ಲಿ ಇಂಟಿಜರ್.

4. ನಿಜಕ್ಕೂ ಎರಡೇ ಉತ್ತರವೇ? ಆಗ ಮಾತ್ರ ಬೂಲಿಯನ್.

5. ಖಾಲಿ ಬಿಟ್ಟರೆ ಏನರ್ಥ? ಸೊನ್ನೆಗೂ 'ಗೊತ್ತಿಲ್ಲ'ಕ್ಕೂ ಬೇರೆ ಗುರುತು ಇಡಿ.

6. ಒಂದೇ ಖಾನೆಯಲ್ಲಿ ಎರಡು ವಿಷಯ ಇವೆಯೇ? ಇದ್ದರೆ ಒಡೆಯಿರಿ.

ಅಭ್ಯಾಸಕ್ಕೆ ನಿಮ್ಮ ಮನೆಯ ಪಹಣಿ ತೆಗೆದು ಊರು, ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಕಂದಾಯ, ಹೆಸರು, ಬೆಳೆ, ಜಮೀನಿನ ಬಗೆ ಇಷ್ಟನ್ನು ಕಾಗದದ ಮೇಲೆ ಬರೆಯಿರಿ. ಕಂಪ್ಯೂಟರ್ ಮುಟ್ಟುವ ಮೊದಲೇ ಒಂದೊಂದರ ಮುಂದೆ ಅದರ ಬಗೆ ಮತ್ತು ಕಾರಣ ಬರೆಯಿರಿ. ಆಮೇಲೆ ಪೈಥಾನ್‌ನಲ್ಲಿ ಹೆಸರು ಕೊಟ್ಟು ತುಂಬಿ, 'ಟೈಪ್' ಎಂಬ ಸೌಲಭ್ಯದಿಂದ ಒಂದೊಂದರ ಬಗೆ ಕೇಳಿ ನಿಮ್ಮ ಪಟ್ಟಿಯೊಡನೆ ತಾಳೆ ನೋಡಿ. ಕೊನೆಗೆ ಮನೆಯವರ ಎಲ್ಲ ಹೊಲಗಳ ವಿಸ್ತೀರ್ಣ ಕೂಡಿಸಿ, ಬಂದ ಉತ್ತರವನ್ನು ಮನೆಯ ಹಿರಿಯರಿಗೆ ಹೇಳಿ. ಗುಂಟೆ ತಪ್ಪಿದ್ದರೆ ಯಾವ ಕಂಪ್ಯೂಟರ್‌ಗಿಂತಲೂ ಮೊದಲು ಅವರೇ ಹಿಡಿಯುತ್ತಾರೆ.